ಸಿಂಗ್ರಾಚಾರಿಯ ಗಾಳದ ರಾಟೆ

ಬಲು ಹಿಂದೆ, ಹೊಳೆ ದಂಡೆಯ ಒಂದೂರಲ್ಲಿ ಒಬ್ಬ ಆಚಾರಿ ಇದ್ದ. ಎಷ್ಟು ಹಿಂದೆ ಅಂತ ಕೇಳಬೇಡಿ. ಯಾವ ದೊರೆ ಆಳ್ತಿದ್ದ ಅಂತಲೂ ಕೇಳಬೇಡಿ. ಕೇಳಿದವರಿಗೆಲ್ಲ ಒಂದೊಂದು ದೊರೆಯ ಹೆಸರು ಹೇಳಿ ಹೇಳಿ ನನಗೂ ಸಾಕಾಗಿದೆ. ಹೊಳೆಗೆ ಆಗ ಕಟ್ಟೆ ಇರಲಿಲ್ಲ, ಸೇತುವೆ ಇರಲಿಲ್ಲ, ಅಷ್ಟು ಹಿಂದೆ. ಊರಿನ ಹೆಸರು ಹೆಮ್ಮಡು. ಆಚಾರಿಯ ಹೆಸರು ಸಿಂಗ್ರಾಚಾರಿ.

ಮಂಚದ ಕಾಲು, ಲಟ್ಟಣಿಗೆ, ತೊಟ್ಟಿಲಿಗೆ ಕಟ್ಟೋ ಗಿಲಕಿ, ಇವನ್ನೆಲ್ಲ ತಿರುಗಣೆಗೆ ಕೊಟ್ಟು ಕಡೆಯೋದು ಅವನ ಕಸುಬು. ಅವನ ಹೆಂಡತಿ ಕಾಳಮ್ಮ ತಿರುಗಣೆಯ ಹಗ್ಗ ಎಳೀತಿದ್ದಳು, ಇವನು ಉಳಿ ಹಿಡೀತಿದ್ದ. ಮಕ್ಕಳಿರಲಿಲ್ಲ. ಆಚಾರಿಗೆ ಮಾತು ಕಡಿಮೆ, ಬೈಗುಳ ಜಾಸ್ತಿ. ಮರ ಬಿರುಕು ಬಿಟ್ಟರೆ ಮರಕ್ಕೆ ಬೈಯೋನು, ಉಳಿ ಮೊಂಡಾದರೆ ಉಳಿಗೆ ಬೈಯೋನು. ಆದರೆ ಅವನ ಬೈಗುಳ ಕೆಟ್ಟ ಬೈಗುಳ ಅಲ್ಲವಂತೆ. ಅಪ್ಪ ಅಮ್ಮನ ಸುದ್ದಿಗೆ ಹೋಗ್ತಿರಲಿಲ್ಲವಂತೆ. ನಮ್ಮಜ್ಜಿ ಹೇಳಿದ್ದು ಹಾಗೆ, ಅವಳಿಗೆ ಅವಳಜ್ಜಿ ಹೇಳಿದ್ದು ಹಾಗೆ.

ಹೆಮ್ಮಡುವಿನ ಹೊಳೆಯಲ್ಲಿ ದೊಡ್ಡ ಬಿಳಿಮೀನುಗಳಿದ್ದವು. ನಡು ಮಡುವಿನಲ್ಲಿ, ಬಂಡೆಗಳ ಮರೆಯಲ್ಲಿ ಇರ್ತಿದ್ದವು. ಊರಿನ ಬೆಸ್ತರು ಬಿದಿರಿನ ಕೋಲಿಗೆ ಹುರಿ ಕಟ್ಟಿ ದಂಡೆಯಲ್ಲಿ ನಿಂತು ಗಾಳ ಹಾಕಿದರೆ ಅದು ಹತ್ತು ಮಾರು ಕೂಡ ಹೋಗ್ತಿರಲಿಲ್ಲ. ಹರಿಗೋಲಲ್ಲಿ ಹತ್ತಿರ ಹೋದರೆ ಮೀನು ಇನ್ನೆಲ್ಲಿಗೋ ಹೋಗೋವು. ಒಂದು ದಿನ ಬೆಸ್ತರೆಲ್ಲ ಬಂದು ಕೇಳಿದರಂತೆ, ಆಚಾರ್ರೇ, ದೂರಕ್ಕೆ ಎಸೆಯೋ ಹಾಗೆ ಏನಾದರೂ ಮಾಡಿಕೊಡಿ ಅಂತ. ಆಗ ಸಿಂಗ್ರಾಚಾರಿ ಗಾಳದ ರಾಟೆ ಮಾಡಿದ.

ಗಂಗಮ್ಮ ಕನಸಿನಲ್ಲಿ ಬಂದು ಅದರ ಆಕಾರ ತೋರಿಸಿದಳು ಅಂತ ಕೆಲವರು ಹೇಳ್ತಾರೆ. ಸುಳ್ಳು. ಬಾವಿಯ ರಾಟೆ ನೋಡಿದ, ನೂಲೋ ರಾಟೆ ನೋಡಿದ, ಒಂದು ಮಳೆಗಾಲ ಪೂರ್ತಿ ಮರ ಹಾಳು ಮಾಡಿದ, ಕೊನೆಗೆ ಒಂದು ಸರಿ ಬಂತು. ಗಂಗಮ್ಮನಿಗೆ ಬೇರೆ ಕೆಲಸ ಇಲ್ಲವಾ?

ಅದು ಹೀಗಿತ್ತು. ಅಂಗೈಯಲ್ಲಿ ಹಿಡಿಸೋ ಅಂಥ ಬೀಟೆ ಮರದ ಉರುಳೆ. ಎರಡು ಪಕ್ಕಕ್ಕೂ ಹಿತ್ತಾಳೆ ಬಿಲ್ಲೆ, ನಡುವೆ ಕಬ್ಬಿಣದ ಅಚ್ಚು. ಒಂದು ಕಡೆ ಸುತ್ತೋಕೆ ಹಿಡಿ, ಇನ್ನೊಂದು ಕಡೆ ಅಚ್ಚನ್ನ ಬಿಗಿ ಸಡಿಲ ಮಾಡೋಕೆ ಪುಟ್ಟ ತಿರುಪು. ಇದನ್ನ ಕೋಲಿನ ಬುಡಕ್ಕೆ ಕಟ್ಟಬೇಕು. ಉರುಳೆಗೆ ರೇಷ್ಮೆ ಹುರಿ ಸುತ್ತಿ, ಕೋಲಿನ ಉದ್ದಕ್ಕೂ ಕಟ್ಟಿದ ಸಣ್ಣ ಉಂಗುರಗಳಲ್ಲಿ ತೂರಿಸಿ, ತುದಿಗೆ ಗಾಳ, ಸೀಸದ ಗುಂಡು, ರಾಗಿ ಹಿಟ್ಟಿನ ಉಂಡೆ. ಕೋಲು ಬೀಸಿದರೆ ಉಂಡೆ ಹಾರ್ತದೆ, ಹುರಿ ಅದರ ಹಿಂದೆ ಓಡ್ತದೆ, ಉರುಳೆ ಗಿರ್ರನೆ ತಿರುಗ್ತದೆ.

ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ತಕರಾರು ಏನಪ್ಪ ಅಂದರೆ, ಉಂಡೆ ನೀರಿಗೆ ಬಿದ್ದು ನಿಂತ ಮೇಲೂ ಉರುಳೆ ನಿಲ್ಲೋದಿಲ್ಲ. ತಿರುಗ್ತಾನೇ ಇರ್ತದೆ. ಹೋಗೋಕೆ ಜಾಗ ಇಲ್ಲದ ಹುರಿ ಅಲ್ಲೇ ಒಂದರೊಳಗೊಂದು ಸೇರಿಕೊಂಡು ಗೀಜಗನ ಗೂಡು ಆಗಿಬಿಡ್ತದೆ. ಅದಕ್ಕೇ ಹೆಬ್ಬೆಟ್ಟು. ಎಸೆಯುವಾಗ ಉರುಳೆಯ ಮೇಲೆ ಹೆಬ್ಬೆಟ್ಟು ಇಟ್ಟಿರಬೇಕು. ಅಮುಕಬಾರದು, ಎತ್ತಲೂಬಾರದು, ಸುಮ್ಮನೆ ಸವರಿಕೊಂಡಿರಬೇಕು. ಉಂಡೆ ನೀರು ಮುಟ್ಟೋ ಹೊತ್ತಿಗೆ ಒತ್ತಿ ನಿಲ್ಲಿಸಬೇಕು. ಇಷ್ಟೇ. ಇಷ್ಟನ್ನ ಹೇಳಿ ಹೇಳಿ ಸಿಂಗ್ರಾಚಾರಿಯ ಅರ್ಧ ಆಯಸ್ಸು ಸವೆದುಹೋಯಿತು.

ಬೆಸ್ತರು ಕಲಿತರು, ಹೊಳೆಯೇ ಅವರ ಬದುಕು, ಕಲೀಲೇಬೇಕು. ಮಡುವಿನ ದೊಡ್ಡ ಮೀನು ಮೇಲಕ್ಕೆ ಬಂತು. ಅದನ್ನ ನೋಡಿ ಊರಿನ ಮಿಕ್ಕವರಿಗೆಲ್ಲ ರಾಟೆಯ ಹುಚ್ಚು ಹಿಡೀತು. ಗಾಣಿಗರು ಬಂದರು, ಹಜಾಮರು ಬಂದರು, ಶಾನುಭೋಗರ ಭಾವಮೈದ ಬಂದ, ಆಚೆ ದಂಡೆಯವರು ಹೊಳೆ ದಾಟಿಕೊಂಡು ಬಂದರು. ಒಬ್ಬೊಬ್ಬರೂ ರಾಟೆ ತಗೊಂಡು ಹೋಗೋರು, ಒಂದೇ ಒಂದು ಸಲ ಎಸೆಯೋರು, ಗೂಡು ಮಾಡಿಕೊಂಡು ವಾಪಸು ಬರೋರು. ಬಂದು ಏನು ಹೇಳೋರು? ನಿಮ್ಮ ರಾಟೆ ಸರಿ ಇಲ್ಲ ಆಚಾರ್ರೇ.

"ಬೆರಳು ಎಲ್ಲಿತ್ತು?" ಅಂತ ಕೇಳೋನು ಅವನು.

ಬೆರಳು ಅಲ್ಲೇ ಇತ್ತು ಅನ್ನೋರು. ಅಲ್ಲೇ ಅಂದರೆ ಎಲ್ಲಿ? ಕೈಯಲ್ಲಿ. ಆಗ ಶುರುವಾಗೋದು ನೋಡಿ ಸಿಂಗ್ರಾಚಾರಿಯ ಬೈಗುಳ. ಬೀದಿಯ ಆ ತುದಿಯಲ್ಲಿ ರಾಗಿ ಬೀಸ್ತಿದ್ದ ಹೆಂಗಸರು ಕಲ್ಲು ನಿಲ್ಲಿಸಿ ಕೇಳಿಸಿಕೊಳ್ತಿದ್ದರಂತೆ. ಅವನು ಬೈತಾ ಇರೋನು, ಕಾಳಮ್ಮ ಮೂಲೆಯಲ್ಲಿ ಕೂತು ಒಂದು ಕೊಂಬಿನ ದಬ್ಬಳದಿಂದ ಗಂಟು ಬಿಡಿಸ್ತಾ ಇರೋಳು.

ಅದರಿಂದ ಆಮೇಲಾಮೇಲೆ ಅವನು ಕೇಳಿದವರಿಗೆಲ್ಲ ರಾಟೆ ಕೊಡೋದು ಬಿಟ್ಟ. ಮೊದಲು ಕೈ ನೋಡೋನು. ಎಡಚನಾದರೆ ಹಿಡಿ ಆ ಕಡೆಗೆ, ಬಲಚನಾದರೆ ಈ ಕಡೆಗೆ. ಉರುಳೆ ಅಂಗೈಯೊಳಗೆ ಕೂತು ಹೆಬ್ಬೆಟ್ಟು ಕಷ್ಟ ಇಲ್ಲದೆ ಅದರ ಬೆನ್ನು ಮುಟ್ಟಬೇಕು, ಮುಟ್ಟದಿದ್ದರೆ ಅದು ನಿನ್ನ ರಾಟೆ ಅಲ್ಲ ಹೋಗು ಅನ್ನೋನು. ಏನು ಎಸೀತೀಯ ಅಂತ ಕೇಳೋನು. ಎರೆಹುಳು ಕಟ್ಟಿ ಸಣ್ಣ ಮೀನು ಹಿಡಿಯೋನಿಗೆ ಹಗುರದ ಪುಟ್ಟ ಉರುಳೆ, ಭಾರದ ಉರುಳೆಯನ್ನ ಎರೆಹುಳು ಎಳೆದುಕೊಂಡು ಹೋಗ್ತದಾ? ನಿಂಬೆಹಣ್ಣಿನ ಗಾತ್ರದ ರಾಗಿ ಉಂಡೆ ಎಸೆಯೋನಿಗೆ ಗಟ್ಟಿ ಉರುಳೆ. ಹುರಿಯನ್ನ ಬಾಯಿ ತುಂಬ ಸುತ್ತಬೇಡ, ಅಂಚಿನಿಂದ ಒಂದು ರಾಗಿ ಕಾಳಿನಷ್ಟು ಕೆಳಗೇ ಇರಲಿ. ಕೊನೆಗೆ ಕೋಲನ್ನ ನೆಟ್ಟಗೆ ಹಿಡಿಸಿ, ಗುಂಡನ್ನ ಕೆಳಕ್ಕೆ ಬಿಡಿಸಿ, ತಿರುಪು ತಿರುಗಿಸಿ ತಿರುಗಿಸಿ ನೋಡೋನು. ಗುಂಡು ಮೆಲ್ಲಗೆ ಇಳೀಬೇಕು. ಅದು ನೆಲ ಮುಟ್ಟಿದ ಕೂಡಲೇ ಉರುಳೆ ನಿಲ್ಲಬೇಕು. ನಿಲ್ಲೋವರೆಗೆ ಮನೆಗೆ ಬಿಡ್ತಿರಲಿಲ್ಲ. ಇಷ್ಟಾದ ಮೇಲೂ ಅವರು ಗೂಡು ಮಾಡಿಕೊಂಡು ಬರೋರು! ಮನುಷ್ಯನಿಗೆ ಹೇಗೆ ತಲೆ ಕೆಡೋದಿಲ್ಲ ಹೇಳಿ.

ಎಲ್ಲರಿಗಿಂತ ಜಾಸ್ತಿ ತಲೆ ಕೆಡಿಸಿದವರು ಇಬ್ಬರು. ಒಬ್ಬ ಪಟೇಲ ಮುಂಚೇಗೌಡ. ಅವನಿಗೆ ಊರಲ್ಲಿ ಯಾರ ಹತ್ತಿರವೂ ಇಲ್ಲದ ದೊಡ್ಡ ರಾಟೆ ಬೇಕು. ಗೌಡ್ರೇ, ನಿಮ್ಮ ಹೆಬ್ಬೆಟ್ಟು ಅದನ್ನ ತಡೆಯೋದಿಲ್ಲ, ಅಷ್ಟು ದೊಡ್ಡದನ್ನ ತಿರುಗಿಸೋಕೆ ಅಷ್ಟೇ ದೊಡ್ಡ ಗುಂಡು ಕಟ್ಟಬೇಕು, ಮೀನು ಹೆದರಿ ಓಡ್ತವೆ ಅಂತ ಸಿಂಗ್ರಾಚಾರಿ ಬಿಡಿಸಿ ಬಿಡಿಸಿ ಹೇಳಿದ. ಪಟೇಲ ಜಗಲಿ ಬಿಟ್ಟು ಏಳಲಿಲ್ಲ. ಬೆಳಗ್ಗೆ ಬಂದು ಕೂತರೆ ಮಧ್ಯಾಹ್ನದವರೆಗೆ ಕೂರೋನು. ನಾಲ್ಕನೇ ದಿನ ಸಿಂಗ್ರಾಚಾರಿ ಕೈಮುಗಿದು, ಗಾಡಿ ಚಕ್ರದ ನಡುವಿನ ಗುಂಬದಷ್ಟು ದೊಡ್ಡ ರಾಟೆ ಮಾಡಿ ಕೊಟ್ಟ. ಪಟೇಲ ಅದರ ತಿರುಪನ್ನ ಪೂರ್ತಿ ಸಡಿಲ ಬಿಟ್ಟುಕೊಂಡಿದ್ದ. ಯಾಕೆ? ಗಿರ್ರೋ ಅಂತ ಸದ್ದು ಜಾಸ್ತಿ ಹೊತ್ತು ಬರಲಿ ಅಂತ. ಎಸೆಯುವಾಗ ಬೆರಳೆತ್ತಿ ಕಿವಿಗೊಟ್ಟು ಸದ್ದು ಕೇಳ್ತಾ ನಿಂತುಬಿಡೋನಂತೆ.

ಇನ್ನೊಬ್ಬ ಕುಂಬಾರ ಮುದ್ದಶೆಟ್ಟಿ. ಇವನದು ಉಲ್ಟಾ. ಒಳ್ಳೆಯವನು, ದಪ್ಪ ಬೆರಳಿನ ಭಾರೀ ಆಳು, ಜೋರಾಗಿ ಮಾತಾಡಿಸಿದರೆ ಬೆವರೋನು. ಇವನ ರಾಟೆಯಲ್ಲಿ ಯಾವತ್ತೂ ಗೂಡು ಆಗ್ತಿರಲಿಲ್ಲ. ಯಾಕಂದರೆ ಹೆಬ್ಬೆಟ್ಟನ್ನ ಅಮುಕಿಯೇ ಹಿಡಿದಿರೋನು. ಎಸೆದ ಉಂಡೆ ಅವನ ಕಾಲ ಹತ್ತಿರವೇ ದೊಪ್ಪನೆ ಬೀಳೋದು. ಬಿಡೋ, ಬೆರಳು ಬಿಡೋ ಅಂತ ಸಿಂಗ್ರಾಚಾರಿ ಕೂಗಿದಷ್ಟೂ ಇವನು ಹೆದರಿ ಇನ್ನೂ ಅಮುಕೋನು. ದಿನಾ ಚಕ್ರದ ಮುಂದೆ ಕೂರ್ತೀಯಲ್ಲೋ, ತಿರುಗೋದರ ಮೇಲೆ ಬೆರಳಿಡೋದು ನಿನಗೂ ನಾನು ಹೇಳಿಕೊಡಬೇಕಾ ಅಂತ ಆಚಾರಿ ತಲೆ ಚಚ್ಚಿಕೊಳ್ಳೋನು. ಮುದ್ದಶೆಟ್ಟಿ ಹೂಂ ಅಂತ ತಲೆಯಾಡಿಸೋನು, ಮತ್ತೆ ಎಸೆಯೋನು, ಮತ್ತೆ ದೊಪ್ಪ.

ಹೀಗಿರುವಾಗ ಒಂದು ಬೇಸಿಗೆಯ ಕೊನೆ. ಸಿಂಗ್ರಾಚಾರಿ ಊಟಕ್ಕೆ ಕೂತಿದ್ದ. ಮೊದಲ ತುತ್ತು ಬಾಯಿಗೆ ಹೋಗೋ ಮುಂಚೆ ಒಬ್ಬ ಗೂಡು ಹಿಡಿದು ಬಂದ. ಅವನನ್ನ ಕಳಿಸೋವಷ್ಟರಲ್ಲಿ ಇನ್ನೊಬ್ಬ. ನಾಲ್ಕನೆಯವನು ಬಂದಾಗ ಸಿಂಗ್ರಾಚಾರಿ ಎದ್ದು ಕೈ ತೊಳೆದುಕೊಂಡ. ವಲ್ಲಿ ಹೆಗಲಿಗೆ ಹಾಕಿಕೊಂಡ.

"ಎಲ್ಲಿಗೆ?" ಅಂದಳು ಕಾಳಮ್ಮ.

"ಸೌತೆತಿಟ್ಟಿಗೆ. ಅಲ್ಲಿ ಒಬ್ಬನ ಕೈಯಲ್ಲೂ ರಾಟೆ ಇಲ್ಲ. ನಾಲ್ಕು ದಿನ ಮನುಷ್ಯನ ಹಾಗೆ ಇದ್ದು ಬರ್ತೀನಿ."

ಸೌತೆತಿಟ್ಟು ಅಂದರೆ ಹೊಳೆಯೊಳಗಿನ ನಡುಗಡ್ಡೆ. ಬೇಸಿಗೆಯಲ್ಲಿ ನೀರು ಇಳಿದಾಗ ಎರಡು ಮನೆಯವರು ಅಲ್ಲಿ ಗುಡಿಸಲು ಹಾಕಿ ಸೌತೆ, ಕರಬೂಜ ಬೆಳೀತಿದ್ದರು. ಎಂಟು ಜನ, ಅದರಲ್ಲೊಂದು ಮೊಲೆಯುಣ್ಣೋ ಕೂಸು. ಸಿಂಗ್ರಾಚಾರಿ ಹೋಗಿ ಅವರ ಗುಡಿಸಲಲ್ಲಿ ಮಲಗಿದ, ಸೌತೆಕಾಯಿ ತಿಂದ, ಯಾರಿಗೂ ಬೈಯಲಿಲ್ಲ. ಎರಡು ದಿನ ಬಲು ಸುಖವಾಗಿ ಇದ್ದನಂತೆ.

ಮೂರನೇ ದಿನ ಬೆಳಗ್ಗೆ ಹೊಳೆ ಬಂತು. ಹೆಮ್ಮಡುವಿನಲ್ಲಿ ಒಂದು ಹನಿ ಮಳೆ ಇಲ್ಲ, ಬಿಸಿಲು ಚೆನ್ನಾಗಿತ್ತು. ಮೇಲೆ ಎಲ್ಲೋ ಬೆಟ್ಟದಲ್ಲಿ ಸುರಿದಿತ್ತು. ಕೆಂಪು ನೀರು ಒಂದೇ ಏಟಿಗೆ ಬಂತು. ತಿಟ್ಟಿನವರ ಹರಿಗೋಲನ್ನ ಮೊದಲು ಹೊತ್ತುಕೊಂಡು ಹೋಯಿತು, ಆಮೇಲೆ ಬಳ್ಳಿಗಳನ್ನ, ಆಮೇಲೆ ಗುಡಿಸಲಿನ ಗೋಡೆಗಳನ್ನ. ಒಂಬತ್ತು ಜನವೂ ತಿಟ್ಟಿನ ತಲೆಯ ಮೇಲಿದ್ದ ಒಂದು ಬಂಡೆ ಹತ್ತಿ ಕೂತರು. ಊರಿನ ಬೆಸ್ತರು ಹೋಗಿ ಕರೆತರಬಹುದಿತ್ತು. ಆದರೆ ಅವತ್ತು ಬೆಸ್ತರ ಬೀದಿಗೆ ಬೀದಿಯೇ ಹರಿಗೋಲು ಹತ್ತಿಕೊಂಡು ಕೆಳಗಿನ ಊರಿಗೆ ಮದುವೆಗೆ ಹೋಗಿತ್ತು. ದಂಡೆಯಲ್ಲಿ ಮಗುಚಿಹಾಕಿದ್ದ ಒಂದು ಹಳೇ ಹರಿಗೋಲು ಉಳಿದಿತ್ತು. ಹಗ್ಗದ ಆಸರೆ ಇಲ್ಲದೆ ಅದನ್ನ ಆ ಸೆಳೆತಕ್ಕೆ ಇಳಿಸಿದರೆ ಕೆಳಗಿನ ಕಲ್ಲುಸಾಲಿಗೆ ಬಡಿದು ಚೂರಾಗೋದು ಎಲ್ಲರಿಗೂ ಗೊತ್ತಿತ್ತು.

ಹಗ್ಗ ಆ ಕಡೆಗೆ ಹೋಗಬೇಕು. ಹೇಗೆ ಹೋಗಬೇಕು?

ಅರವತ್ತು ಮಾರು ಅಗಲ. ಮುನ್ನೂರು ಅಂತ ಹೇಳೋರಿದ್ದಾರೆ, ಅವರು ಹೊಳೆ ನೋಡಿಲ್ಲ. ಅರವತ್ತು ಮಾರು, ಅಷ್ಟೇ ಸಾಕು. ಊರವರ ಸಣ್ಣ ರಾಟೆಗಳಲ್ಲಿ ನಲವತ್ತು ಮಾರಿನ ಮೇಲೆ ಹುರಿಯೇ ಹಿಡೀತಿರಲಿಲ್ಲ. ಅಷ್ಟು ಹುರಿ ಇದ್ದದ್ದು, ಆ ಗಾಳಿಯಲ್ಲಿ ಹೋಗೋವಷ್ಟು ಭಾರದ ಗುಂಡು ಕಟ್ಟಬಹುದಾಗಿದ್ದದ್ದು ಒಂದೇ ಒಂದು ರಾಟೆ. ಪಟೇಲನದು. ಪಟೇಲ ಓಡಿಹೋಗಿ ತಂದ. ನನ್ನ ರಾಟೆ, ನಾನೇ ಎಸೀತೀನಿ ಅಂದ. ಹೆದರಿದ್ದ, ಆದರೂ ಹಿಂದೆ ಸರಿಯಲಿಲ್ಲ, ಅಷ್ಟು ಹೇಳಬೇಕು. ಬೀಸಿ ಎಸೆದ. ಗುಂಡು ಹಾರಿತು. ರಾಟೆ ಗಿರ್ರೋ ಅಂತು. ಪಟೇಲನ ಬೆರಳು ಗಾಳಿಯಲ್ಲಿತ್ತು. ಹುರಿ ಮೂವತ್ತು ಮಾರು ಹೋಗಿದ್ದೇ ತಡ, ಉರುಳೆಯ ಮೇಲೆ ಒಂದು ಗೂಡು ಎದ್ದುಕೊಂಡಿತು ನೋಡಿ, ತೆಂಗಿನಕಾಯಿಯಷ್ಟು ದಪ್ಪ. ಗುಂಡು ನಡುನೀರಿಗೆ ಬಿತ್ತು.

ಆಚೆ ಬಂಡೆಯ ಮೇಲೆ ಸಿಂಗ್ರಾಚಾರಿ ಎದ್ದು ನಿಂತ. ಅವನ ಬಾಯಿ ತೆಗೀತಾ ಮುಚ್ಚುತ್ತಾ ಇರೋದು ಇಲ್ಲಿಂದ ಕಾಣಿಸ್ತಿತ್ತು. ಏನು ಹೇಳ್ತಿದ್ದ ಅಂತ ಯಾರಿಗೂ ಕೇಳಿಸಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಪಟೇಲ ಕುಸಿದು ಕೂತ. "ಕೊಯ್ದುಬಿಡು ಕಾಳಮ್ಮ. ಬಿಡಿಸೋಕೆ ಹೊತ್ತಿಲ್ಲ."

"ಕೊಯ್ದರೆ ಅರ್ಧ ಹುರಿ ಉಳೀತದೆ ಗೌಡ್ರೇ," ಅಂದಳು ಕಾಳಮ್ಮ. "ಅರ್ಧ ಹೊಳೆ ದಾಟಿ ಏನು ಮಾಡೋಣ?"

ಅವಳು ಮರಳಿನ ಮೇಲೆ ಕಾಲು ಚಾಚಿ ಕೂತಳು. ಸೊಂಟದಲ್ಲಿದ್ದ ದಬ್ಬಳ ತೆಗೆದಳು. ಇಪ್ಪತ್ತು ವರ್ಷ ಬೇರೆಯವರ ಗಂಟು ಬಿಡಿಸಿದ ಕೈ ಅದು. ಸುತ್ತ ನಿಂತವರು ಬೇಗ ಬೇಗ ಅಂದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಕುಣಿಕೆ ಸಡಿಲ ಮಾಡಿದಳು, ಅದರ ಒಳಗಿಂದ ಇನ್ನೊಂದು ಎಳೆದಳು. ಅಲ್ಲಿ ನೀರು ಬಂಡೆಯ ಅರ್ಧಕ್ಕೆ ಬಂತು. ಅವಳು ಒಂದು ಸಲ ಮಾತ್ರ ತಲೆಯೆತ್ತಿ ಆ ಕಡೆ ನೋಡಿದಳು, ಗಂಡನನ್ನ ನೋಡಿದಳು, ಮತ್ತೆ ಬಗ್ಗಿದಳು. ಆಮೇಲೆ ನೋಡಲೇ ಇಲ್ಲವಂತೆ. ನೋಡಿದ್ದರೆ ನನ್ನ ಕೈ ನಿಲ್ತಿರಲಿಲ್ಲ ಅಂತ ಎಷ್ಟೋ ವರ್ಷ ಆದ ಮೇಲೆ ಹೇಳಿದಳಂತೆ.

ಗೂಡು ಪೂರ್ತಿ ಬಿಟ್ಟುಕೊಂಡಿತು. ಹುರಿ ಕೊಯ್ಯಲಿಲ್ಲ, ಕೀಳಲಿಲ್ಲ. ಕಾಳಮ್ಮ ಎದ್ದು ಸುತ್ತ ನೋಡಿದಳು. ಅಷ್ಟು ದೊಡ್ಡ ಉರುಳೆಯನ್ನ ತಡೆಯೋ ಬೆರಳು ಯಾರದ್ದಿತ್ತು? ಕೋಲನ್ನ ತಂದು ಮುದ್ದಶೆಟ್ಟಿಯ ಕೈಗೆ ಕೊಟ್ಟಳು.

"ನನ್ನ ಕೈಲಾಗಲ್ಲ ಕಾಳಕ್ಕ," ಅಂದ ಅವನು. "ನಾನು ಅಮುಕಿಬಿಡ್ತೀನಿ. ನಿನಗೇ ಗೊತ್ತಲ್ಲ."

"ಗೊತ್ತು. ಎಸಿ."

ಮುದ್ದಶೆಟ್ಟಿ ಮೊದಲು ಗುಂಡನ್ನ ಕೆಳಕ್ಕೆ ಬಿಟ್ಟು ನೋಡಿದ. ದಡಕ್ಕನೆ ಬಿತ್ತು, ಉರುಳೆ ಸುತ್ತುತ್ತಾನೇ ಇತ್ತು. ತಿರುಪು ಬಿಗಿ ಮಾಡಿದ, ಮತ್ತೆ ಬಿಟ್ಟ. ಮೂರನೇ ಸಲಕ್ಕೆ ಗುಂಡು ಮೆಲ್ಲಗೆ ಇಳಿದು ಮರಳು ಮುಟ್ಟಿತು, ಉರುಳೆ ನಿಂತಿತು. ಬೈದು ಹೇಳಿದ್ದೆಲ್ಲ ತಲೆಯಲ್ಲಿ ಇತ್ತು ನೋಡಿ, ಇಲ್ಲದೆ ಏನು? ಆಮೇಲೆ ಹೊಳೆಯ ಕಡೆ ತಿರುಗಿದ. ಆಚೆ ಬಂಡೆಯ ಮೇಲೆ ಸಿಂಗ್ರಾಚಾರಿ ಕೂಗ್ತಾನೇ ಇದ್ದ. ಕೂಗಿ ಕೂಗಿ ಪ್ರಯೋಜನ ಇಲ್ಲ ಅಂತ ಅವನಿಗೂ ಆಗ ತಿಳೀತೋ ಏನೋ, ಬಾಯಿ ಮುಚ್ಚಿದ. ಬಲಗೈ ಮೇಲೆತ್ತಿದ. ನಾಲ್ಕು ಬೆರಳು ಮಡಚಿ ಹೆಬ್ಬೆಟ್ಟು ಒಂದನ್ನೇ ಎತ್ತಿ ಹಿಡಿದ.

ಅಷ್ಟು ವರ್ಷದಲ್ಲಿ ಮೊದಲ ಸಲ ಮುದ್ದಶೆಟ್ಟಿಯ ಕಿವಿಗೆ ಬೈಗುಳ ಬೀಳಲಿಲ್ಲ. ಹೊಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಆ ಬೆರಳನ್ನ ನೋಡ್ತಾ ನೋಡ್ತಾ ಅವನಿಗೆ ತನ್ನ ಚಕ್ರ ನೆನಪಾಯಿತಂತೆ. ಚಕ್ರದ ಮೇಲೆ ಮಡಕೆಯ ಕಂಠ ಏಳುವಾಗ ಹೆಬ್ಬೆಟ್ಟನ್ನ ಹೇಗಿಡ್ತೀವಿ? ಅಮುಕಿದರೆ ಕಂಠ ಮುರೀತದೆ, ತೆಗೆದರೆ ಸೊಟ್ಟಗಾಗ್ತದೆ. ಅಲ್ಲೇ ಇರಬೇಕು. ಅಷ್ಟೇ ಅಲ್ಲವಾ ಇವರು ಹೇಳ್ತಿದ್ದದ್ದು ಅಂದುಕೊಂಡನಂತೆ.

ಮೊದಲ ಎಸೆತ ಗಾಳಿಗೆ ಸಿಕ್ಕಿ ಬಂಡೆಯ ಕೆಳಗೆ ಬಿತ್ತು. ಗೂಡು ಆಗಲಿಲ್ಲ. ಸುತ್ತಿಕೊಂಡ. ಎರಡನೆಯದು ಬಂಡೆಯ ಮೇಲಿಂದ ಹಾದುಹೋಗಿ ಆ ಪಕ್ಕಕ್ಕೆ ಇಳೀತು, ಹುರಿ ಬಂಡೆಯ ಮೇಲೆ ಅಡ್ಡ ಮಲಗಿತು. ಅದು ಏಳನೇ ಎಸೆತ ಅಂತ ಹಾಡು ಕಟ್ಟಿದವರಿದ್ದಾರೆ. ಏಳನೆಯವರೆಗೆ ನೀರು ಕಾಯ್ತಿತ್ತಾ? ಎರಡನೆಯದೇ.

ತಿಟ್ಟಿನ ಗಂಡಸರು ಹುರಿ ಹಿಡಿದರು. ಈ ತುದಿಗೆ ದಾರ, ದಾರಕ್ಕೆ ಸಣ್ಣ ಹಗ್ಗ, ಅದಕ್ಕೆ ಬಾವಿಯಿಂದ ಕಪಿಲೆ ಎಳೆಯೋ ದಪ್ಪ ಹಗ್ಗ ಕಟ್ಟಿದರು. ಅವರು ಎಳೆದು ಬಂಡೆಗೆ ಬಿಗಿದರು, ಇವರು ದಂಡೆಯ ಹೊಳೆಮತ್ತಿ ಮರಕ್ಕೆ ಬಿಗಿದರು. ಹಳೇ ಹರಿಗೋಲನ್ನ ಹಗ್ಗಕ್ಕೆ ಕುಣಿಕೆ ಹಾಕಿ ಹೊಳೆಗೆ ಬಿಟ್ಟರು. ಮುದ್ದಶೆಟ್ಟಿಯೇ ಅದರಲ್ಲಿ ಕೂತು ಹಗ್ಗ ಹಿಡಿದು ಎಳೆದುಕೊಂಡು ಹೋದ. ಮೊದಲ ಸಲ ಕೂಸು, ಅದರ ತಾಯಿ, ಇನ್ನೊಬ್ಬ ಹೆಂಗಸು ಬಂದರು.

ಎರಡನೇ ಸಲ ಮೂವರನ್ನ ಕೂರಿಸಿಕೊಂಡು ನಡುಹೊಳೆಗೆ ಬಂದಿದ್ದಾಗ ಬಂಡೆಯ ಮೇಲಿನ ಗಂಟು ಜಾರಿತು. ಹಗ್ಗ ಸಡಿಲ ಆಗಿ ಹರಿಗೋಲು ಕಲ್ಲುಸಾಲಿನ ಕಡೆ ವಾಲಿತು. ಸಿಂಗ್ರಾಚಾರಿ ಓಡೋ ಹಗ್ಗವನ್ನ ಬಂಡೆಯ ಮೂಲೆಗೆ ಒಂದು ಸುತ್ತು ಹಾಕಿ, ಅದರ ಮೇಲೆ ತನ್ನ ಕೈಯನ್ನೇ ಒತ್ತಿ ನಿಂತ. ಬಲಗೈ. ಹಗ್ಗ ಬಿಗಿಯಾಯಿತು, ಹರಿಗೋಲು ನಿಂತಿತು. ಕಲ್ಲಿಗೂ ಹಗ್ಗಕ್ಕೂ ನಡುವೆ ಅವನ ಹೆಬ್ಬೆಟ್ಟು ಸಿಕ್ಕಿಕೊಂಡಿತ್ತು. ಮೂವರು ದಂಡೆ ಮುಟ್ಟೋವರೆಗೂ ಅವನು ಕೈ ತೆಗೆಯಲಿಲ್ಲ. ಆಮೇಲೆ ತಿಟ್ಟಿನವನೊಬ್ಬ ಗಂಟನ್ನ ಸರಿಯಾಗಿ ಬಿಗಿದ. ಕೊನೇ ಸಲ ಉಳಿದ ಮೂವರೂ ಬಂದರು. ಸ್ವಲ್ಪ ಹೊತ್ತಿಗೆ ಬಂಡೆಯೂ ಮುಳುಗಿತು.

ದಂಡೆಗೆ ಇಳಿದಾಗ ಸಿಂಗ್ರಾಚಾರಿಯ ವಲ್ಲಿ ಕೈಗೆ ಸುತ್ತಿತ್ತು, ವಲ್ಲಿಯೆಲ್ಲ ಕೆಂಪು. ಕಾಳಮ್ಮ ಅವನ ಇನ್ನೊಂದು ಕೈ ಹಿಡಿದುಕೊಂಡಳು. ಅವನು ಸುತ್ತ ನಿಂತವರನ್ನ ನೋಡಿದ.

"ಮೊದಲು ಎಸೆದವನು ಯಾವನು?"

ಎಲ್ಲರೂ ಪಟೇಲನ ಕಡೆ ನೋಡಿದರು. ಪಟೇಲ ಹೊಳೆಯ ಕಡೆ ನೋಡಿದ. ಈಗ ಶುರುವಾಗ್ತದೆ ಅಂತ ಎಲ್ಲರೂ ಕಾದರು. ಸಿಂಗ್ರಾಚಾರಿ ಬಾಯಿ ತೆರೆದ, ತನ್ನ ಕೈ ನೋಡಿಕೊಂಡ, ಬಾಯಿ ಮುಚ್ಚಿದ. ಮನೆಗೆ ನಡೆದುಹೋದ.

ಹೆಬ್ಬೆಟ್ಟು ಉಳೀಲಿಲ್ಲ. ಗಾಯ ಮಾಯಿತು, ಕೈ ಮೊಂಡಾಯಿತು. ಉಳಿ ಹಿಡಿಯೋಕೆ ಆಗಲಿಲ್ಲ, ರಾಟೆ ಎಸೆಯೋಕೆ ಆಗಲಿಲ್ಲ. ಅದಕ್ಕಿಂತ ಕಷ್ಟ ಅಂದರೆ ಅವನು ಬೈಯೋದನ್ನ ನಿಲ್ಲಿಸಿಬಿಟ್ಟ. ಜಗಲಿಯ ಮೇಲೆ ಸುಮ್ಮನೆ ಕೂತಿರೋನು. ಜನ ಗೂಡು ಹಿಡಿದು ಬಂದರೆ ಕಣ್ಣಲ್ಲೇ ಹೆಂಡತಿಯ ಕಡೆ ತೋರಿಸೋನು. ರಾಟೆ ಸರಿ ಇಲ್ಲ ಅಂದರೂ ಹೂಂ ಅನ್ನೋನು. ಊರವರಿಗೆ ತಡೆಯೋಕೆ ಆಗಲಿಲ್ಲ. ಪಟೇಲ ಬಂದು ಕಾಲು ಹಿಡಿಯೋಕೆ ಹೋದ. ಇರಲಿ ಬಿಡಿ ಗೌಡ್ರೇ ಅಂದನಂತೆ ಸಿಂಗ್ರಾಚಾರಿ. ಪಟೇಲ ಮನೆಗೆ ಹೋಗಿ ಉಣ್ಣಲಿಲ್ಲ. ಇರಲಿ ಬಿಡಿ ಅಂದನಲ್ಲ, ನನಗೆ ಇರಲಿ ಬಿಡಿ ಅಂದನಲ್ಲ ಅಂತ ಕಂಬಕ್ಕೆ ಒರಗಿ ಕೂತಿದ್ದನಂತೆ.

ಕೊನೆಗೆ ಕಾಳಮ್ಮ ಕುಂಬಾರರ ಬೀದಿಗೆ ಹೋದಳು.

"ಮುದ್ದಣ್ಣ, ನಿನ್ನೆ ಬೇಕಂತಲೇ ಸಾರಿಗೆ ಉಪ್ಪು ಹಾಕಲಿಲ್ಲ. ಪೂರ್ತಿ ಉಂಡು ಎದ್ದರು. ಒಂದು ಮಾತಿಲ್ಲ. ನನಗೆ ಭಯ ಆಗ್ತದೆ."

ಮುದ್ದಶೆಟ್ಟಿ ಯೋಚನೆ ಮಾಡಿದ. ಮಾರನೇ ಬೆಳಗ್ಗೆ ತನ್ನ ಕೋಲು, ರಾಟೆ ತಗೊಂಡು ಸಿಂಗ್ರಾಚಾರಿಯ ಜಗಲಿಯ ಮುಂದೆ ಬೀದಿಯಲ್ಲೇ ನಿಂತ. ಬೀಸಿ ಎಸೆದ, ಬೆರಳು ಎತ್ತಿಬಿಟ್ಟ. ಗೂಡು. ಸಿಂಗ್ರಾಚಾರಿ ನೋಡಿದ, ಸುಮ್ಮನಿದ್ದ. ಕಾಳಮ್ಮ ಬಿಡಿಸಿಕೊಟ್ಟಳು. ಮತ್ತೆ ಎಸೆದ, ಮತ್ತೆ ಗೂಡು. ಜನ ಸೇರಿದರು. ತಿರುಪು ಪೂರ್ತಿ ಬಿಚ್ಚಿ ಎಸೆದ. ಹುರಿಯನ್ನ ಅಂಚು ಮೀರಿ ಸುತ್ತಿ ಎಸೆದ. ಸಿಂಗ್ರಾಚಾರಿಯ ಕೊರಳಿನ ನರ ಉಬ್ಬಿತು, ಆದರೂ ಸುಮ್ಮನಿದ್ದ. ಮುದ್ದಶೆಟ್ಟಿಗೆ ಹಣೆಯಿಂದ ಬೆವರು ಇಳೀತಿತ್ತು, ಒಳಗೊಳಗೇ ಅಳು ಬರ್ತಿತ್ತು. ಐದನೇ ಗೂಡು ಆದ ಮೇಲೆ ಅವನು ಸೊಂಟದಿಂದ ಚಾಕು ತೆಗೆದು ಹುರಿಗೆ ಇಟ್ಟ.

"ಲೇ!"

ಬೀದಿಗೆ ಬೀದಿಯೇ ಬೆಚ್ಚಿತು.

"ಲೇ ಮುದ್ದಶೆಟ್ಟಿ! ಚಾಕು ಕೆಳಗಿಡು! ಅರವತ್ತು ಮಾರು ಹೊಳೆ ದಾಟಿಸಿದ ಕೈಯೇನೋ ಇದು? ಬೀದಿಯಲ್ಲಿ ನಿಂತು ಗೂಡು ಕಟ್ಟಿದ್ದಲ್ಲದೆ ಕೊಯ್ಯೋಕೂ ಹೊರಟೆಯಾ? ಆ ಹುರಿ ಹೊಸೆದವರ ಕಣ್ಣು ಹೋಗಿದೆಯಲ್ಲೋ, ಅದನ್ನ ಬಿಡಿಸಿದವಳ ಬೆನ್ನು ಬಿದ್ದುಹೋಗಿದೆಯಲ್ಲೋ, ನಿನಗೆ..."

ಬಿಸಿಲು ಜಗಲಿಯಿಂದ ಇಳಿದು ಮೆಟ್ಟಿಲಿಗೆ ಬರೋವರೆಗೂ ಬೈದನಂತೆ. ಕೂಡಿಟ್ಟಿದ್ದನ್ನೆಲ್ಲ ಬೈದ. ಮುದ್ದಶೆಟ್ಟಿಗೆ ಬೈದು, ಅಲ್ಲೇ ನಿಂತಿದ್ದ ಪಟೇಲನಿಗೆ ಬೈದ, ನೋಡೋಕೆ ಬಂದವರಿಗೆಲ್ಲ ಬೈದ, ಸಾರಿಗೆ ಉಪ್ಪಿಲ್ಲ ಅಂತ ಹೆಂಡತಿಗೂ ಬೈದ. ಪಟೇಲ ಕಣ್ಣೊರೆಸಿಕೊಳ್ತಾ ನಗ್ತಿದ್ದ. ಕಾಳಮ್ಮ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಬೈದು ಬೈದು ಗಂಟಲು ಆರಿದ ಮೇಲೆ ಸಿಂಗ್ರಾಚಾರಿ ಒಂದು ಚೊಂಬು ನೀರು ಕುಡಿದು, "ಬಾ ಇಲ್ಲಿ, ಉಳಿ ಹಿಡಿ" ಅಂದ.

ಅವತ್ತಿಂದ ಮುದ್ದಶೆಟ್ಟಿ ಮಧ್ಯಾಹ್ನದವರೆಗೆ ಮಡಕೆ ಮಾಡೋನು, ಮಧ್ಯಾಹ್ನದ ಮೇಲೆ ಬಂದು ಸಿಂಗ್ರಾಚಾರಿಯ ಕೈಯಾಗೋನು. ಆಚಾರಿಯ ಕಣ್ಣು, ಆಚಾರಿಯ ಬಾಯಿ, ಕುಂಬಾರನ ಬೆರಳು. ಆ ಕಾಲದಲ್ಲಿ ಆದ ರಾಟೆಗಳೇ ಎಲ್ಲಕ್ಕಿಂ‍ತ ಒಳ್ಳೆಯವು ಅಂತ ಹೇಳ್ತಾರೆ. ಇರಬಹುದು. ನಾನು ನೋಡಿಲ್ಲ. ಇಬ್ಬರೂ ಮುದುಕರಾಗಿ, ಮೊದಲು ಆಚಾರಿ, ಆಮೇಲೆ ಕುಂಬಾರ ಹೋದರು. ಕಾಳಮ್ಮ ಇನ್ನೂ ಬಹಳ ಕಾಲ ಇದ್ದಳಂತೆ.

ಈಗ ರಾಟೆ ಯಾರೂ ಮನೆಯಲ್ಲಿ ಮಾಡೋದಿಲ್ಲ. ಪೇಟೆಯಿಂದ ಹೊಳೆಹೊಳೆಯೋ ಲೋಹದ್ದು ತರ್ತಾರೆ, ಅದಕ್ಕೂ ಹೆಬ್ಬೆಟ್ಟು ಇಡಬೇಕು, ಅದರಲ್ಲೂ ಗೂಡು ಕಟ್ಟುತ್ತೆ, ಏನೂ ಬದಲಾಗಿಲ್ಲ. ಹೆಮ್ಮಡುವಿನಲ್ಲಿ ಮಾತ್ರ ಒಂದು ಪದ್ಧತಿ ಉಳಿದಿದೆ. ಹೊಸ ರಾಟೆ ತಂದವರು ಮೊದಲ ಎಸೆತವನ್ನ ಬೆರಳೆತ್ತಿ ಎಸೀಬೇಕು. ಬೇಕಂತಲೇ ಗೂಡು ಮಾಡಬೇಕು. ಅಲ್ಲಿರೋರಲ್ಲಿ ಹಿರಿಯರು ಯಾರೋ ಅವರು ಎದ್ದು ಬಾಯಿ ತುಂಬ ಬೈಬೇಕು. ಬೈಸಿಕೊಳ್ಳೋನು ಪಟೇಲರ ಮನೆಯವನಾಗಲಿ, ಯಾರೇ ಆಗಲಿ, ತಲೆ ತಗ್ಗಿಸಿ ನಿಲ್ಲಬೇಕು. ಅದಾದ ಮೇಲೆ ಎಲ್ಲರೂ ಕೂತು ಗೂಡು ಬಿಡಿಸ್ತಾರೆ. ಚಾಕು ಮುಟ್ಟೋ ಹಾಗಿಲ್ಲ.

ಹೋದ ವರ್ಷ ಎಲ್ಲಿಂದಲೋ ಒಬ್ಬ ಬಂದಿದ್ದ. ಊರಿನ ಗುರುತಿಲ್ಲ, ಜೊತೆಗೆ ಯಾರೂ ಇಲ್ಲ. ಹೊಸ ರಾಟೆಯ ಗೂಡನ್ನ ಕೈಯಲ್ಲಿ ಹಿಡಿದು ದಂಡೆಯಲ್ಲಿ ಒಬ್ಬನೇ ನಿಂತಿದ್ದ. ಯಾರೋ ಅವನಿಗೆ ಪದ್ಧತಿ ಹೇಳಿದ್ದರು, ಪಾಪ, ಎಸೆದು ಕಾಯ್ತಿದ್ದ. ಬೈಯೋಕೆ ಯಾರಿದ್ದಾರೆ? ಆ ಹೊತ್ತಿಗೆ ಮೇಕೆ ಕಾಯೋ ನಮ್ಮ ಸಾವಂತ್ರಮ್ಮ ಮಂದೆ ಅಟ್ಟಿಕೊಂಡು ಹೋಗ್ತಿದ್ದಳು. ಅವಳಿಗೆ ಮೀನೂ ಗೊತ್ತಿಲ್ಲ, ರಾಟೆಯೂ ಗೊತ್ತಿಲ್ಲ. ಅವನ ಮುಖ ನೋಡಿದಳು, ಕೈಯಲ್ಲಿದ್ದ ಗೂಡು ನೋಡಿದಳು. ತನ್ನ ಕೋಲನ್ನ ನೆಲಕ್ಕೆ ಊರಿ ಶುರುಮಾಡಿದಳು. ಹೆತ್ತ ಮಗನಿಗೆ ಬೈದ ಹಾಗೆ ಬೈದಳು. ಮುಗಿಸಿ, ಅವನ ಪಕ್ಕದಲ್ಲೇ ಮರಳಿನ ಮೇಲೆ ಕೂತು, ಕೊಡು ಇಲ್ಲಿ ಅಂತ ಹುರಿಯ ಒಂದು ತುದಿ ಹಿಡಿದುಕೊಂಡಳು.